ಹಗಲು ನಕ್ಷತ್ರ ನೋಡುವ ಮರಿ

ಸದ್ದು ಕಡಿಮೆಯಾಗಿದೆ, ಇಲ್ಲ, ತನ್ನ ಕಿವಿಯೇ ಮಂದವಾಗಿರಬೇಕು, ಫ್ಯಾನಿನ ಗುಂಯ್ ಸದ್ದಿನ ಕೆಳಗೆ ಕೋಳಿಮರಿಗಳ ಚಿಂವ್ ಚಿಂವ್ ಎಂದಿನಂತೆ ಹರಿದಾಡುತ್ತಲೇ ಇದೆ, ನೀರು ಬೆರೆಸಿದ ಹಾಲಿನ ಹಾಗೆ ಸ್ವಲ್ಪ ತೆಳುವಾಗಿದೆ ಅಷ್ಟೇ, ಮಧ್ಯಾಹ್ನದ ಹೊತ್ತಿಗೆ ಹೊಟ್ಟೆ ತುಂಬಿದ ಮರಿಗಳು ತೂಕಡಿಸುತ್ತವೆ, ಅದಕ್ಕೇ ಇರಬೇಕು, ಅದಕ್ಕೇ, ಎಂದು ತನಗೆ ತಾನೇ ಹೇಳಿಕೊಂಡು ಅವಳು ಮತ್ತೆ ಗೂಡಿನ ಕಡೆ ಬಗ್ಗಿದಳು. ಮೂರು ಮರಿಗಳು, ಮೂರೂ ಕಾಲು ಮಡಿಸಿ ಕುಳಿತಿವೆ, ಕತ್ತು ಹಿಂದಕ್ಕೆ ಬಾಗಿದೆ, ತಲೆ ಬೆನ್ನಿಗೆ ತಾಗುವಷ್ಟು ಬಾಗಿದೆ, ಕೊಕ್ಕು ನೆಟ್ಟಗೆ ಸೂರಿನ ಕಡೆ. ಚುಚ್ಚಿದ್ದಾಯಿತು, ಬೆಳಿಗ್ಗೆಯೇ ಚುಚ್ಚಿದ್ದಾಯಿತು, ತೊಡೆಗೆ ಬಿ-ಒನ್ ಜೀವಸತ್ವ, ಎಂದಿಗಿಂತ ಒಂದು ಕೈ ಜಾಸ್ತಿಯೇ, ಇನ್ನೇನು ಇಳಿಯಬೇಕು ಈ ತಲೆಗಳು, ಇಳಿಯಲೇಬೇಕು, ಇಷ್ಟು ವರ್ಷ ಇಳಿದಿವೆ, ಪಶುವೈದ್ಯ ಕಾಲೇಜಿನ ವಿದ್ಯಾರ್ಥಿಗಳು ಸುತ್ತ ನಿಂತು ನೋಡುತ್ತಿರುವಾಗಲೇ ಇಳಿದಿವೆ, ಚುಚ್ಚಿ ಚಹಾ ಕುಡಿದು ಬರುವಷ್ಟರಲ್ಲಿ ಮರಿ ಎದ್ದು ಮೈ ಕೊಡವಿ ಏನೂ ಆಗಿಲ್ಲವೆಂಬಂತೆ ಕಾಳಿಗೆ ಓಡುತ್ತಿತ್ತು, ಹುಡುಗರು ಚಪ್ಪಾಳೆ ತಟ್ಟುತ್ತಿದ್ದರು, ಮೇಡಂ ಪವಾಡ ಮಾಡ್ತೀರ ಬಿಡಿ ಅನ್ನುತ್ತಿದ್ದರು. ಇವತ್ತು ಯಾಕೆ ಇಳಿಯುತ್ತಿಲ್ಲ. ಇಳಿದರೆ ಇದು ಕೊರತೆ, ಮೇವಿನಿಂದ ತಾನೇ ಬೇಕೆಂದು ತೆಗೆದ ಜೀವಸತ್ವದ ಕೊರತೆ, ಪ್ರಯೋಗ ಗೆದ್ದಂತೆ, ಮನೆಯಲ್ಲಿ ಮೊಮ್ಮಗಳಿಗೆ ಬಂದಿರುವುದು ಸ್ಕೂಲಿನಲ್ಲಿ ಯಾರಿಂದಲೋ ಅಂಟಿದ ಸಾದಾ ಜ್ವರ, ನಾಳೆ ನಾಡಿದ್ದರಲ್ಲಿ ಎದ್ದು ಕುಣಿಯುತ್ತಾಳೆ. ಇಳಿಯದಿದ್ದರೆ — ಆ ಕಡೆ ಯೋಚನೆ ಹೋಗುವುದೇ ಬೇಡ, ಇಳಿಯುತ್ತದೆ, ಇಳಿ, ಇಳಿಯೋ ಮಾರಾಯ, ಎಂದು ಬೆರಳ ತುದಿಯಿಂದ ಒಂದರ ತಲೆಯನ್ನು ಮೆಲ್ಲಗೆ ಮುಂದಕ್ಕೆ ತಂದಳು, ಬೆರಳು ಬಿಟ್ಟದ್ದೇ ತಡ ಅದು ಮತ್ತೆ ಹಿಂದಕ್ಕೆ ಹೋಯಿತು.

ಪುಟ್ಟಿ ಭಾನುವಾರ ಇಲ್ಲೇ ನಿಂತಿದ್ದಳು, ಇದೇ ಗೂಡಿನ ಮುಂದೆ, ಅಜ್ಜಿಯ ಬಿಳಿ ಕೋಟು ತೊಟ್ಟು, ಕೋಟು ನೆಲ ಗುಡಿಸುತ್ತಿತ್ತು, ತೋಳು ಮಡಿಸಿ ಮಡಿಸಿ ಪುಟ್ಟ ಬೆರಳುಗಳನ್ನು ಹೊರಗೆ ತೆಗೆಯಬೇಕಾಯಿತು. ಅಜ್ಜೀ, ಅದು ಏನ್ ನೋಡ್ತಿದೆ? ನಕ್ಷತ್ರ ಕಣೇ. ಹಗಲಲ್ಲಾ? ಹೂಂ, ಅದಕ್ಕೆ ಹಗಲಲ್ಲೂ ಕಾಣ್ಸತ್ತೆ. ನಂಗ್ ಕಾಣಲ್ವಲ್ಲ. ನೀನು ತಟ್ಟೇಲಿ ಹಾಕಿದ್ದನ್ನೆಲ್ಲ ತಿಂತೀಯಲ್ಲ, ಅದಕ್ಕೇ ಕಾಣಲ್ಲ, ಇದಕ್ಕೆ ಊಟದಲ್ಲಿ ಒಂದು ಸಾಮಾನು ಕಮ್ಮಿ ಆಗಿದೆ. ಯಾರು ಕಮ್ಮಿ ಮಾಡಿದ್ದು? ಆ ಪ್ರಶ್ನೆಗೆ ಅವಳು ನಕ್ಕಿದ್ದಳು, ಮಗುವಿನ ಮುಂದೆ ಸುಳ್ಳು ಹೇಳಲಾರದೆ ನಾನೇ ಅಂದಿದ್ದಳು, ಪುಟ್ಟಿ ಹುಬ್ಬು ಗಂಟಿಕ್ಕಿ ಅಜ್ಜಿಯನ್ನು ನೋಡಿದ ನೋಟ, ಪಾಪ ಅಲ್ವಾ ಅಜ್ಜಿ, ಪಾಪ, ಆದರೆ ಈಗ ನೋಡು ಮ್ಯಾಜಿಕ್ಕು ಎಂದು ಚುಚ್ಚಿ ಮರಿಯನ್ನು ಅವಳ ಅಂಗೈಗೆ ಕೊಟ್ಟದ್ದು, ಎರಡೂ ಕೈ ಬಟ್ಟಲು ಮಾಡಿ ಹಿಡಿದದ್ದು, ಇನ್ನೂ ಕತ್ತು ನೋಯ್ತಿರತ್ತೆ ಇದಕ್ಕೆ ಎಂದು ಉಫ್ ಉಫ್ ಎಂದು ಊದಿದ್ದು, ಆಮೇಲೆ ಕೊಕ್ಕಿಗೆ ಮುತ್ತು ಕೊಟ್ಟದ್ದು. ಕೊಕ್ಕಿಗೇ. ಬೇಡ ಅನ್ನಲಿಲ್ಲ. ಕೈಗವಸು ಹಾಕಿಸಲಿಲ್ಲ, ಅಷ್ಟು ಚಿಕ್ಕ ಗವಸು ಎಲ್ಲಿರುತ್ತದೆ, ಬಾಗಿಲಲ್ಲಿ ಔಷಧಿ ನೀರಿಗೆ ಕಾಲು ಅದ್ದುವ ತೊಟ್ಟಿಯಲ್ಲಿ ಮಾತ್ರ ನಿಲ್ಲಿಸಿದ್ದಳು, ಅದೂ ಪುಟ್ಟಿಗೆ ನೀರಾಟ. ಹೊರಗಿನವರನ್ನು ಶೆಡ್ಡಿನೊಳಗೆ ಬಿಡಬಾರದು ಎಂಬ ಬೋರ್ಡು ಬರೆಸಿದವಳೇ ತಾನು, ಆದರೆ ಮೊಮ್ಮಗಳು ಹೊರಗಿನವಳೇ? ಮಗಳು ಫೋನಿನ ಮೇಲೆ ಫೋನು ಮಾಡಿದಳು, ಎಲ್ಲಿದೀರಾ, ಎಷ್ಟು ಹೊತ್ತು, ಮರಿಯ ತಲೆ ಇಳಿಯುವುದನ್ನು ನೋಡುವಷ್ಟೂ ಪುರುಸೊತ್ತಿರಲಿಲ್ಲ, ನಾಳೆ ಓಡಾಡ್ತಿರತ್ತೆ ಬಾ ಎಂದು ಅಜ್ಜಿಯೇ ಪುಟ್ಟಿಯನ್ನು ಕರೆದುಕೊಂಡು ಹೋದಳು, ದಾರಿಯಲ್ಲಿ, ಪಾರ್ಕಿಗೆ ಹೋಗಿದ್ವಿ ಅಂತ ಹೇಳ್ಬೇಕು ಆಯ್ತಾ, ಜಾರುಬಂಡೆ ಆಡಿದೆ ಅನ್ನು, ಅಮ್ಮಂಗೆ ಗೊತ್ತಾದ್ರೆ ಇಬ್ಬರಿಗೂ ಪೂಜೆ. ಪುಟ್ಟಿ ಕಿರುಬೆರಳು ಕೊಟ್ಟು ಮಾತು ಕೊಟ್ಟಳು. ಕೋಳಿ ವಾಸನೆ ಅಂದರೆ ಮಗಳಿಗೆ ಚಿಕ್ಕಂದಿನಿಂದ ಆಗದು, ಶಾಲೆಯಲ್ಲಿ ಕೋಳಿ ಡಾಕ್ಟರಮ್ಮನ ಮಗಳು ಅಂತ ಕೊಕ್ಕೊಕ್ಕೋ ಮಾಡುತ್ತಿದ್ದರಂತೆ, ಸ್ನಾನ ಮಾಡದೆ ನನ್ನ ಮುಟ್ಟಬೇಡಮ್ಮ ಅನ್ನುತ್ತಿದ್ದಳು, ಈಗಲೂ ಮುಖ ಸಿಂಡರಿಸುತ್ತಾಳೆ, ಅದಕ್ಕೇ, ಅದೊಂದಕ್ಕೇ, ಒಬ್ಬಳಾದರೂ ಈ ಮನೆಯಲ್ಲಿ ತನ್ನ ಕೆಲಸವನ್ನು ಕಣ್ಣರಳಿಸಿ ನೋಡಲಿ ಎಂಬ ಆಸೆಗೆ.

ಆ ಮರಿ ಸೋಮವಾರ ಸತ್ತು ಬಿದ್ದಿತ್ತು. ತಡವಾಯಿತು, ಚುಚ್ಚುವುದು ತಡವಾಯಿತು ಅಂದುಕೊಂಡಳು, ಎಷ್ಟು ಸಲೀಸಾಗಿ ಅಂದುಕೊಂಡಳು, ಒಂದು ಕ್ಷಣವೂ ಬೇರೆ ಯೋಚನೆ ಬರಲಿಲ್ಲ, ಕೊರತೆ ಹುಡುಕುವವಳಿಗೆ ಕಂಡದ್ದೆಲ್ಲ ಕೊರತೆ. ಚೂರಿ ಸಾಹೇಬರು ಇದನ್ನೇ ಹೇಳಿ ಕಾಡುತ್ತಿದ್ದರಲ್ಲ, ಆಚೆ ಕಟ್ಟಡದಲ್ಲಿ ಸತ್ತ ಪ್ರಾಣಿಗಳನ್ನು ಕುಯ್ದು ರೋಗ ಹುಡುಕುವ ಡಾಕ್ಟರು, ನಿಮಗೆ ಮೋಡ ಕವಿದರೂ ವಿಟಮಿನ್ ಕೊರತೆ ಅನ್ಸತ್ತೆ ಮೇಡಂ, ನಿಮಗೆ ಸೀನು ಬಂದರೂ ಕ್ರಿಮಿ ಅನ್ಸತ್ತೆ ಸಾಹೇಬ್ರೆ, ಕ್ಯಾಂಟೀನಿನಲ್ಲಿ ಇಬ್ಬರದೂ ದಿನಾ ಇದೇ ಆಟ, ನಗು. ಅವರೇ ತೌಡು ಮೇಡಂ ಅಂತ ಹೆಸರಿಟ್ಟದ್ದು, ಅಕ್ಕಿ ತೌಡಿನ ಮೇಲೆ ಪಿಎಚ್‌ಡಿ ಮಾಡಿ ಇಷ್ಟು ವರ್ಷ ತೌಡು ಕುಟ್ಟಿದವರು ನೀವೊಬ್ಬರೇ ಅಂತ. ಅವಳ ಅಮ್ಮನೂ ಬಿಟ್ಟಿರಲಿಲ್ಲ, ಕೋಳಿಗೆ ಕಾಳು ಹಾಕೋಕೂ ಇಷ್ಟು ಓದಬೇಕೇನೇ. ಬೇಕು, ಅಮ್ಮ, ಬೇಕು, ಪಾಲಿಶ್ ಮಾಡಿದ ಬರೀ ಅಕ್ಕಿ ತಿಂದ ಕೋಳಿ ಕತ್ತು ತಿರುಚಿ ಬೀಳುತ್ತದೆ, ಒಂದು ಹಿಡಿ ತೌಡು ಹಾಕಿದರೆ ಏಳುತ್ತದೆ, ಇದಕ್ಕಿಂತ ದೊಡ್ಡ ಆಶ್ಚರ್ಯ ಯಾವುದಿದೆ? ಗುರುಗಳು ಮೊದಲ ದಿನವೇ ಹೇಳಿದ್ದರು, ಒಂದು ವಸ್ತು ಮೈಯಲ್ಲಿ ಏನು ಕೆಲಸ ಮಾಡುತ್ತೆ ಅಂತ ತಿಳೀಬೇಕಾ, ಅದನ್ನ ತೆಗೆದುಬಿಡಿ, ಆಗ ಗೊತ್ತಾಗುತ್ತೆ. ತೆಗೆದಳು, ಜೀವನಪೂರ್ತಿ ಒಂದೊಂದಾಗಿ ತೆಗೆದಳು, ಒಂದನ್ನು ತೆಗೆದರೆ ಮರಿಗಳ ಕಾಲ್ಬೆರಳು ಒಳಕ್ಕೆ ಮಡಚಿಕೊಂಡವು, ಇನ್ನೊಂದನ್ನು ತೆಗೆದರೆ ಮೂಳೆ ರಬ್ಬರಿನಂತಾಯಿತು, ಮತ್ತೊಂದಕ್ಕೆ ಮೊಟ್ಟೆ ಚಿಪ್ಪೇ ಕಟ್ಟಲಿಲ್ಲ, ಎಲ್ಲದಕ್ಕೂ ಮದ್ದು ಗೊತ್ತಿತ್ತು, ತೆಗೆದದ್ದನ್ನು ವಾಪಸು ಕೊಟ್ಟರಾಯಿತು, ಅದಕ್ಕೇ ಯಾವತ್ತೂ ಹೆದರಿಕೆ ಆಗಿರಲಿಲ್ಲ. ಗಂಡ ಹೋದಾಗ ಮಾತ್ರ ವಾಪಸು ಕೊಡಲಾಗದ ಕೊರತೆಯೂ ಇದೆ ಅಂತ ತಿಳಿಯಿತು, ಮನೆಯ ನಲ್ಲಿಗಳು ಇದ್ದಕ್ಕಿದ್ದಂತೆ ಸೋರತೊಡಗಿದವು, ಅವರು ಸದ್ದಿಲ್ಲದೆ ಏನೇನು ಮಾಡಿಕೊಂಡಿದ್ದರು ಅಂತ ಆಗ ಗೊತ್ತಾಯಿತು, ಒಂದನ್ನು ತೆಗೆದುಬಿಡಿ ಆಗ ಗೊತ್ತಾಗುತ್ತೆ, ಆ ಮನೆಯಿಂದ ಪುಟ್ಟಿಯನ್ನು — ಬಿಡ್ತು ಅನ್ನು, ಬಿಡ್ತು ಅನ್ನು, ಹಾಳು ನಾಲಿಗೆ, ನಾಲಿಗೆಯಲ್ಲ, ಹಾಳು ತಲೆ.

ಇವತ್ತು ಬೆಳಿಗ್ಗೆ ಮಗಳ ಫೋನು ಬಂದಾಗ ಅವಳು ಗೇಟಿನ ಹತ್ತಿರವಿದ್ದಳು, ಪುಟ್ಟಿಗೆ ಮೈ ಕೆಂಡ ಕಣಮ್ಮ, ಕಣ್ಣು ಎರಡೂ ಕೆಂಪಾಗಿವೆ, ಕೆಮ್ಮು ಬೇರೆ. ಕಣ್ಣು ಕೆಂಪು. ಹಕ್ಕಿಗಳಿಂದ ದಾಟಿ ಬರುವ ಕಾಯಿಲೆ ಕಣ್ಣಿಗೂ ಬರುತ್ತದೆ, ಅದೂ ಹೋದ ವಾರ ಇದೇ ಗೇಟಿನ ಪಕ್ಕ ಒಂದು ಕಾಗೆ ರೆಕ್ಕೆ ಹರಡಿ ಸತ್ತು ಬಿದ್ದಿತ್ತು, ಅವಳು ನಿರಿಗೆ ಎತ್ತಿಕೊಂಡು ಸುತ್ತಿ ಬಳಸಿ ಒಳಗೆ ಬಂದಿದ್ದಳು, ಕರೆಂಟು ಹೊಡೆದಿರಬೇಕು ಅಂದುಕೊಂಡು, ಅದೇ ವಾರ ಕೆರೆಯಲ್ಲಿ ಕಾಡು ಬಾತುಕೋಳಿಗಳು ಸಾಯುತ್ತಿವೆಯೆಂದು ರೇಡಿಯೊದಲ್ಲಿ ಕೇಳಿಯೂ ಕೇಳದವಳಂತೆ ಇದ್ದಳು. ಹಕ್ಕಿಜ್ವರಕ್ಕೂ ಮರಿಗಳು ಕತ್ತು ತಿರುಚುತ್ತವೆ. ಹಕ್ಕಿಜ್ವರ, ಇಗೋ, ಹೇಳಿಯೇಬಿಟ್ಟಳು, ಬೆಳಿಗ್ಗೆಯಿಂದ ಮನಸ್ಸಿನೊಳಗೂ ಉಚ್ಚರಿಸದೆ ಅದುಮಿಟ್ಟಿದ್ದ ಹೆಸರು. ಸತ್ತ ಮರಿ ಫ್ರಿಜ್ಜಿನಲ್ಲಿದೆ, ಕವರಿನಲ್ಲಿ ಸುತ್ತಿ ಇಟ್ಟಿದ್ದಾಳೆ, ಅಂಗಳ ದಾಟಿದರೆ ಚೂರಿ ಸಾಹೇಬರ ಬಾಗಿಲು, ಕೊಟ್ಟರೆ ಸಂಜೆಯೊಳಗೆ ಗೊತ್ತಾಗುತ್ತದೆ, ಆದರೆ ಕೊಟ್ಟ ಕೂಡಲೇ ಗೇಟು ಮುಚ್ಚುತ್ತದೆ, ಹೌದು ಅಂತಾದರೆ ಬಿಳಿ ಉಡುಪಿನವರು ಬಂದು ಈ ಆವರಣದ ಒಂದೊಂದು ಕೋಳಿಯನ್ನೂ ಕೊಂದು ಗುಂಡಿಗೆ ಸುರಿಯುತ್ತಾರೆ, ನಿವೃತ್ತಿಗೆ ಮುಂಚಿನ ಕೊನೆಯ ಪ್ರಯೋಗ, ಅದು ಹಾಳಾಗಿ ಹೋಗಲಿ, ಅದಕ್ಕಲ್ಲ ಹೆದರಿಕೆ, ಥೂ, ಅದಕ್ಕೂ ಹೌದು, ಅದಕ್ಕೂ ಇತ್ತು, ಅದಕ್ಕೇ ತಾನೇ ಬೆಳಿಗ್ಗೆ ಅಂಗಳ ದಾಟುವ ಬದಲು ಸಿರಿಂಜು ಹಿಡಿದು ಇಲ್ಲಿ ಬಂದು ಕುಳಿತದ್ದು, ಮೊದಲು ಚುಚ್ಚಿ ನೋಡೋಣ, ತಲೆ ಇಳಿದರೆ ಯಾರಿಗೂ ಹೇಳುವುದೇ ಬೇಡವಲ್ಲ ಎಂದು. ಮಗಳಿಗೆ ಮಾತ್ರ, ಡಾಕ್ಟರಿಗೆ ತೋರಿಸು, ತಣ್ಣೀರು ಬಟ್ಟೆ ಹಾಕು ಅಂದಳು, ಜಗತ್ತಿನ ಎಲ್ಲ ಅಜ್ಜಿಯರೂ ಹೇಳುವುದನ್ನು ಹೇಳಿದಳು. ತನ್ನ ಗಂಟಲೂ ಕೆರೆಯುತ್ತಿದೆಯೇ? ಉಗುಳು ನುಂಗಿ ನೋಡಿದಳು. ಇಲ್ಲ. ಬಂದಿದ್ದರೆ ತನಗೆ ಬರಬಾರದಿತ್ತೇ, ಮುದಿ ಗೂಬೆಗೆ.

ತಲೆಗಳು ಇಳಿದಿಲ್ಲ. ಇನ್ನು ಉಳಿದದ್ದು ಒಂದೇ, ಆಚೆ ಕೋಣೆ, ಕಂಟ್ರೋಲ್ ಗುಂಪು, ಯಾವುದನ್ನೂ ತೆಗೆಯದ ಪೂರ್ತಿ ಮೇವು ತಿನ್ನುವ ಮರಿಗಳು, ಅವಕ್ಕೆ ಏನೂ ಆಗಬಾರದು, ಅವು ಚೆನ್ನಾಗಿದ್ದರೆ ರೋಗವಲ್ಲ, ರೋಗಕ್ಕೆ ಯಾರು ಏನು ತಿಂದರೆಂಬ ಲೆಕ್ಕ ಎಲ್ಲಿಂದ ಬರಬೇಕು. ದಿನಾ ಮೊದಲು ಅಲ್ಲಿಗೆ ಹೋಗಿ ಆಮೇಲೆ ಇಲ್ಲಿಗೆ ಬರುವುದು ಶೆಡ್ಡಿನ ನಿಯಮ, ಇವತ್ತು ಬೆಳಿಗ್ಗೆಯಿಂದ ಆ ಬಾಗಿಲ ಕಡೆ ತಿರುಗಿಯೂ ನೋಡಿಲ್ಲ, ಮೇವು ಹಾಕುವವನು ಬಂದು ಹೋದ, ಏನೂ ಹೇಳಲಿಲ್ಲ, ಅವನು ಡಬ್ಬಿ ತುಂಬಿ ಹೋಗುತ್ತಾನೆ, ಒಳಗೆ ಇಣುಕುವವನಲ್ಲ. ಕೈ ತೊಳೆದಳು, ಮತ್ತೆ ತೊಳೆದಳು, ಕೋಟು ಬದಲಿಸಿದಳು, ಚಪ್ಪಲಿ ತೊಟ್ಟಿಯಲ್ಲಿ ಅದ್ದಿದಳು, ಮುಹೂರ್ತ ಕಾಯುವವಳ ಹಾಗೆ ಚಿಲಕ ಹಿಡಿದು ನಿಂತಳು. ಒಳಗೆ ಬೆಚ್ಚಗೆ, ಹಳದಿ ಬೆಳಕು, ಮರಿಗಳು ಓಡಾಡುತ್ತಿವೆ, ದೇವರೇ, ಓಡಾಡುತ್ತಿವೆ, ಒಂದರ ಮೇಲೊಂದು ಹತ್ತಿ ಕಾಳಿಗೆ ಜಗಳವಾಡುತ್ತಿವೆ, ಅವಳಿಗೆ ಅಳು ಬಂತು, ಸಾಹೇಬ್ರೆ ಸೋತ್ರಿ ನೀವು, ಎರಡನೆಯ ಗೂಡು, ಚೆನ್ನಾಗಿವೆ, ಮೂರನೆಯದು, ಗೋಡೆಯ ಕಡೆಯ ಮೂಲೆ, ನೀರಿನ ಬಟ್ಟಲ ಹಿಂದೆ, ಒಂದು ಮರಿ ಒಂಟಿಯಾಗಿ ಕಾಲು ಮಡಿಸಿ ಕುಳಿತಿದೆ, ಕತ್ತು ಹಿಂದಕ್ಕೆ, ತಲೆ ಬೆನ್ನಿಗೆ, ಕೊಕ್ಕು ಮೇಲಕ್ಕೆ. ಇಲ್ಲ, ನಿದ್ದೆ, ನಿದ್ದೆ ಮಾಡುತ್ತಿದೆ. ಕಣ್ಣು ತೆರೆದಿದೆ. ಕೋಟಿನ ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತಿದೆ, ಮಗಳು, ಅಮ್ಮಾ ಆಸ್ಪತ್ರೇಲಿದೀವಿ, ಜ್ವರ ಇಳೀತಾನೇ ಇಲ್ಲ, ಉಸಿರು ಯಾಕೋ ಜೋರಾಗಿದೆ, ಕೇಳಿಸ್ತಾ ಇದೆಯಾ, ಡಾಕ್ಟ್ರು ಕೇಳಿದ್ರು, ಕೋಳಿ ಗೀಳಿ ಹಕ್ಕಿ ಗಿಕ್ಕಿ ಏನಾದ್ರೂ ಮುಟ್ಟಿದಾಳಾ ಅಂತ, ನಾನು ಇಲ್ಲ ಅಂದೆ, ಅವಳನ್ನೂ ಕೇಳಿದ್ರು, ನಿನ್ನ ಮೊಮ್ಮಗಳು ನೋಡು, ಅಷ್ಟು ಜ್ವರದಲ್ಲೂ ಕಣ್ಣು ಬಿಟ್ಟು, ಇಲ್ಲ, ಅಜ್ಜಿ ಜೊತೆ ಪಾರ್ಕಿಗೆ ಹೋಗಿದ್ದೆ, ಜಾರುಬಂಡೆ ಆಡಿದೆ ಅಂದ್ಲು, ಎರಡೆರಡು ಸಲ ಕೇಳಿದ್ರೂ ಅದೇ ಅಂದ್ಲು, ಅಮ್ಮಾ, ಲೈನಲ್ಲಿದೀಯಾ? ಕಿರುಬೆರಳು. ಮಾತು ಉಳಿಸಿಕೊಂಡಿದ್ದಾಳೆ, ಮೈ ಸುಡುತ್ತಿದ್ದರೂ ಅಜ್ಜಿಗೆ ಕೊಟ್ಟ ಮಾತು ಉಳಿಸಿಕೊಂಡಿದ್ದಾಳೆ, ಅಯ್ಯೋ ಕಂದ, ಯಾಕೆ ಉಳಿಸಿಕೊಂಡೆ, ಮುಟ್ಟಿದಾಳೆ ಕಣೇ, ಎಂದಳು, ನಾನೇ ಇಲ್ಲಿಗೆ ಕರ್ಕೊಂಡು ಬಂದಿದ್ದೆ, ಕಾಯಿಲೆ ಮರಿಗೆ ಮುತ್ತು ಕೊಟ್ಟಿದಾಳೆ, ಈಗ್ಲೇ ಹೋಗಿ ಡಾಕ್ಟ್ರಿಗೆ ಹೇಳು, ಹಕ್ಕಿಜ್ವರ ಇರಬಹುದು ಅನ್ನು. ಆ ಕಡೆ ಆಸ್ಪತ್ರೆಯ ಗದ್ದಲ, ಯಾರದೋ ಚಪ್ಪಲಿ ಸದ್ದು, ಮಗುವೊಂದರ ಕೆಮ್ಮು, ಯಾರ ಮಗುವೋ, ಪುಟ್ಟಿಯದೋ, ಆಮೇಲೆ ತೀರ ಸಣ್ಣ ಧ್ವನಿಯಲ್ಲಿ, ಏನಂದೆ, ಇನ್ನೊಂದ್ಸಲ ಹೇಳು, ಹೇಳಬೇಕು, ಇನ್ನೊಂದು ಸಲ ಹೇಳಬೇಕು, ಬಾಯಿ ತೆರೆದೇ ಇದೆ, ಕಣ್ಣು ಮೂಲೆಯಿಂದ ಕದಲುತ್ತಿಲ್ಲ, ಹೊಟ್ಟೆ ತುಂಬ ತಿಂದ ಮರಿ, ಯಾವ ಕೊರತೆಯೂ ಇಲ್ಲದ ಮರಿ, ಕತ್ತು ಹಿಂದಕ್ಕೆ, ಕೊಕ್ಕು ಮೇಲಕ್ಕೆ, ಸೂರು ನೋಡುತ್ತಿದೆ, ಸೂರನ್ನೇ ನೋಡುತ್ತಿದೆ —