ನನ್ನ ಮೈಮೇಲಿನ ಕೆಂಪು ಗೆರೆ

ನಾನು ಒಂದು ಫಿರಂಗಿ. ಹಳೆಯ ಕೊಡೆಯ ಕಥೆ, ಮುರಿದ ಕುರ್ಚಿಯ ಕಥೆ ಓದಿ ಕಣ್ಣು ಒರೆಸಿಕೊಳ್ಳುವವರಿಗೆ ನನ್ನ ಕಥೆ ಹಿಡಿಸಲಿಕ್ಕಿಲ್ಲ. ಹಿಡಿಸದಿದ್ದರೆ ಬಿಡಿ. ಮೆತ್ತಗೆ ಮಾತಾಡಲು ನನಗೆ ಬರುವುದಿಲ್ಲ. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನನಗೆ ಬೇಕೆನಿಸಿದಾಗ ನಾನು ಒಂದು ಸಲವೂ ಬಾಯಿ ಬಿಟ್ಟಿಲ್ಲ. ಬೇರೆಯವರು ಹಗ್ಗ ಎಳೆದಾಗ ಮಾತ್ರ ಬಿಟ್ಟಿದ್ದೇನೆ. ನನ್ನ ಜನ್ಮದ ಕಥೆಯೆಲ್ಲ ಇಷ್ಟೇ.

ನಾನು ಹುಟ್ಟಿದ್ದು ದೂರದ ಒಂದು ಚಳಿ ದೇಶದ ಕಾರ್ಖಾನೆಯಲ್ಲಿ. ಆ ಊರಿನ ಜನ ಬಹಳ ಶಾಂತ ಸ್ವಭಾವದವರು. ಕಿಟಕಿ ಕಿಟಕಿಗೂ ಹೂವಿನ ಕುಂಡ. ಬೀದಿಯಲ್ಲಿ ನಾಯಿ ಕೂಡ ಜೋರಾಗಿ ಬೊಗಳುವುದಿಲ್ಲ. ಅಂಥ ಊರಿನಲ್ಲಿ ನಮ್ಮನ್ನು ಮಾಡುತ್ತಿದ್ದರು. ಒಂದೇ ಸಲ ಕರಗಿಸಿದ ಉಕ್ಕಿನಿಂದ ನನ್ನ ಕೊಳವೆಯನ್ನೂ ನನ್ನ ಪಕ್ಕದವನ ಕೊಳವೆಯನ್ನೂ ಮಾಡಿದರು. ಅದಕ್ಕೇ ನಾನು ಅವನನ್ನು ತಮ್ಮ ಎನ್ನುತ್ತೇನೆ.

ಇಲ್ಲಿ ನನ್ನ ಮೈಕಟ್ಟಿನ ಬಗ್ಗೆ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಗುಂಡು ಮುಂದಕ್ಕೆ ಹಾರಿದಾಗ ನನ್ನ ಕೊಳವೆ ಭಾರಿ ರಭಸದಿಂದ ಹಿಂದಕ್ಕೆ ಜಿಗಿಯುತ್ತದೆ. ಅದನ್ನು ತಡೆದು ನಿಲ್ಲಿಸುವುದು ನನ್ನ ಹೊಟ್ಟೆಯಡಿಯಲ್ಲಿರುವ, ಎಣ್ಣೆಯಲ್ಲಿ ಓಡಾಡುವ ಒಂದು ಉಕ್ಕಿನ ದಂಡ. ಆ ದಂಡವನ್ನು ಕೊಳವೆಗೆ ಬಿಗಿದಿರುವುದು ಒಂದು ದಪ್ಪ ನಟ್ಟು. ಆ ನಟ್ಟು ತಿರುಗದಂತೆ ಹಿಡಿದಿರುವುದು ಬಳೆಯಷ್ಟು ಅಗಲದ ಒಂದು ಹಲ್ಲಿನ ವಾಷರ್. ಆನೆಯಂಥ ನನ್ನನ್ನು ಹಿಡಿದಿಟ್ಟಿದ್ದು ಆ ಬಳೆ.

ಎಲ್ಲ ಬಿಗಿದಾದ ಮೇಲೆ ಒಬ್ಬ ಹೆಂಗಸು ಸಣ್ಣ ಕುಂಚ ಹಿಡಿದು ಬಂದಳು. ನಟ್ಟಿನ ಮೇಲಿಂದ ನನ್ನ ಮೈಮೇಲಕ್ಕೆ ಹಾಯುವಂತೆ ಒಂದು ಕೆಂಪು ಗೆರೆ ಎಳೆದಳು. ಗೆರೆ ನೆಟ್ಟಗಿದ್ದರೆ ನಟ್ಟು ಗಟ್ಟಿ ಇದೆ ಎಂದು ಅರ್ಥ. ಗೆರೆ ಮುರಿದು ಅರ್ಧ ಪಕ್ಕಕ್ಕೆ ಸರಿದಿದ್ದರೆ ನಟ್ಟು ತಿರುಗಿದೆ, ಗುಂಡು ಹಾರಿಸಬಾರದು. ಓದು ಬಾರದವನಿಗೂ ತಿಳಿಯಲಿ ಎಂದು ಮಾಡಿದ ಏರ್ಪಾಡು. ಅವಳು ನನಗೆ ಎಳೆದಳು, ತಮ್ಮನಿಗೂ ಎಳೆದಳು, ಕುಂಚ ತೊಳೆದು ಮನೆಗೆ ಹೋದಳು.

ನಮ್ಮನ್ನು ಮಾರುವವನು ಒಬ್ಬನಿದ್ದ. ಅವನ ಮುಖದ ನಗು ಮಾಸಿದ್ದನ್ನು ನಾನು ನೋಡಿಲ್ಲ. ಒಂದು ದಿನ ನಿಮ್ಮ ದೇಶದ ಅಧಿಕಾರಿಗಳು ಬಂದರು. ಅವನು ಅವರಿಗೆ ಚಹಾ ಕೊಟ್ಟು, ದನಿ ತಗ್ಗಿಸಿ, "ನಿಮ್ಮ ಪಕ್ಕದ ದೇಶದವರೂ ಕೇಳುತ್ತಿದ್ದಾರೆ" ಎಂದ. ಆಗ ಪಕ್ಕದವರು ಏನನ್ನೂ ಕೇಳಿರಲಿಲ್ಲ. ಬಂದವರು ಗಾಬರಿಬಿದ್ದು, ಬೇಕೆಂದುಕೊಂಡು ಬಂದದ್ದಕ್ಕಿಂತ ಹೆಚ್ಚಿಗೆ ಬರೆಸಿದರು. ಆಮೇಲೆ ಅವನು ಪಕ್ಕದ ದೇಶದವರನ್ನು ಕರೆಸಿ, ಅದೇ ಬಟ್ಟಲಿನಲ್ಲಿ ಚಹಾ ಕೊಟ್ಟು, "ನಿಮ್ಮ ನೆರೆಯವರು ಆಗಲೇ ತೆಗೆದುಕೊಂಡರು" ಎಂದ. ಅವರೂ ಹೆಚ್ಚಿಗೆ ಬರೆಸಿದರು. ಹೀಗೆ ಮೊದಲು ಹೇಳಿದ ಸುಳ್ಳು ಆಮೇಲೆ ನಿಜವಾಯಿತು. ಇವನನ್ನು ಸುಳ್ಳ ಎನ್ನುವವರು ಯಾರು?

ನನಗೆ ಹಸಿರು ಬಣ್ಣ ಹೊಡೆದರು, ತಮ್ಮನಿಗೆ ಮರಳಿನ ಬಣ್ಣ. ಒಂದೇ ಕೊಟ್ಟಿಗೆಯಲ್ಲಿ ಅಕ್ಕಪಕ್ಕ ನಿಂತಿದ್ದೆವು. ನಾವು ಇನ್ನು ವೈರಿಗಳು ಎಂದು ನಮಗೆ ಯಾರೂ ಹೇಳಲಿಲ್ಲ.

ಇಲ್ಲಿಗೆ ಬಂದ ಮೇಲೆ ನನ್ನನ್ನು ಹವಾಲ್ದಾರ್ ಫಕೀರಪ್ಪನ ಕೈಗೆ ಒಪ್ಪಿಸಿದರು. ಲಕ್ಷ್ಮೇಶ್ವರದ ಕಡೆಯವನು. ಗಿಡ್ಡ ಆಳು, ದಪ್ಪ ಮೀಸೆ, ಬಾಯಿ ತೆಗೆದರೆ ಬೈಗುಳ. ಕೈ ಮಾತ್ರ ಬಾಣಂತಿಗೆ ನೀರೆರೆಯುವವಳ ಕೈ. ಮೊದಲ ದಿನವೇ ನನಗೆ ಗುಡದವ್ವ ಎಂದು ಹೆಸರಿಟ್ಟ. ದಿನಾ ಬೆಳಿಗ್ಗೆ ಬಗ್ಗಿ ಕೆಂಪು ಗೆರೆಯ ಮೇಲೆ ಹೆಬ್ಬೆರಳು ಆಡಿಸಿ, "ನೆಟ್ಟಗ ಐತಿ" ಎಂದು ಹೇಳಿಯೇ ಚಹಾ ಕುಡಿಯುತ್ತಿದ್ದ. ಬಣ್ಣ ಬಳಿಯುವಾಗ ಗೆರೆಯ ಮೇಲೆ ಪೇಪರಿನ ತುಂಡು ಅಂಟಿಸಿ ಕಾಪಾಡುತ್ತಿದ್ದ.

ಕೆಲವು ವರ್ಷಗಳ ಮೇಲೆ ನನ್ನ ತಂಡಕ್ಕೆ ದ್ಯಾಮಣ್ಣ ಬಂದ. ಫಕೀರಪ್ಪನ ಅಕ್ಕ ಗಂಗವ್ವನ ಮಗ. ಎತ್ತರದ ಆಳು, ಗುಂಡನ್ನು ಕಲ್ಲಂಗಡಿ ಹಣ್ಣಿನಂತೆ ಎತ್ತಿ ನನ್ನ ಹಿಂದಿನ ಬಾಗಿಲಿನಿಂದ ತುಂಬುತ್ತಿದ್ದ. ಗುಂಡು ತುಂಬುವವನು ನಿಲ್ಲಬೇಕಾದದ್ದು ನನ್ನ ಬೆನ್ನ ಹಿಂದೆ. "ನನ್ನ ಮಗನ್ನ ನಿನ್ನ ಕಣ್ಣಾಗ ಇಟ್ಕೋ" ಎಂದು ಗಂಗವ್ವ ಹೇಳಿ ಕಳಿಸಿದ್ದಳಂತೆ. ಅದಕ್ಕೇ ಫಕೀರಪ್ಪ ದೊಡ್ಡ ಸಾಹೇಬರ ಕಾಲು ಹಿಡಿದು ಅಳಿಯನನ್ನು ತನ್ನ ತಂಡಕ್ಕೇ ಹಾಕಿಸಿಕೊಂಡಿದ್ದ.

"ಮಾಂವಾ, ನೀ ನನ್ನ ಕಣ್ಣಾಗ ಇಟ್ಕೊಂಡಿಲ್ಲ, ಬೈಗಳದಾಗ ಇಟ್ಕೊಂಡಿ" ಎಂದು ದ್ಯಾಮಣ್ಣ ನಗುತ್ತಿದ್ದ.

"ಹಾಂಗರ ಮಾಡಿದ್ರ ಎಚ್ಚರ ಇರ್ತಿ, ಮಗನ" ಎನ್ನುತ್ತಿದ್ದ ಫಕೀರಪ್ಪ.

ವಾಷರಿಗೂ ಆಯುಷ್ಯ ಇದೆ. ಇಷ್ಟು ಗುಂಡು ಹಾರಿದ ಮೇಲೆ ಬದಲಿಸಲೇಬೇಕು. ನನ್ನದು ಬದಲಿಸುವ ಕಾಲ ಬಂದು ದಾಟಿಹೋಯಿತು. ಹೊಸದು ಬರಲಿಲ್ಲ. ಫಕೀರಪ್ಪ ಮೇಜರ್ ಚಂಗಪ್ಪನವರ ಮುಂದೆ ಹೋಗಿ ನಿಂತ. ಚಂಗಪ್ಪನವರು ಕೊಡಗಿನವರು, ಕೆಟ್ಟ ಮನುಷ್ಯರಲ್ಲ.

"ಫಕೀರಪ್ಪ, ಮೇಲಕ್ಕೆ ಬರೆದು ಬರೆದು ಸಾಕಾಗಿದೆ. ವಾಷರ್ ಕೇಳಿದರೆ ಆ ಕಂಪನಿಯವರು ಹೊಸ ಫಿರಂಗಿಯ ಚಿತ್ರ ಕಳಿಸ್ತಾರೆ. ಹಳೇದಕ್ಕೆ ಸಾಮಾನು ಮಾಡೋದು ನಿಲ್ಲಿಸಿದ್ದೇವೆ, ಹೊಸದು ತಗೊಂಡರೆ ಇದಕ್ಕೂ ಸ್ವಲ್ಪ ಹುಡುಕಿ ಕೊಡ್ತೇವೆ ಅಂತಾರೆ."

"ಸಾಹೇಬ್ರ, ನಮ್ಮೂರ ಕಮ್ಮಾರ ಮಾನಪ್ಪಗ ಕೊಟ್ರ ಸಂಜಿ ಒಳಗ ಬಡದು ಕೊಡ್ತಾನ್ರಿ."

"ಕೊಡ್ತಾನೆ. ಆದರೆ ನಾವು ಮಾಡಿಸೋ ಹಾಗಿಲ್ಲ. ಕರಾರಿನಲ್ಲಿ ಹಾಗೆ ಬರೆದುಕೊಟ್ಟಿದ್ದೇವೆ. ಅವರ ಸಾಮಾನು ಅವರೇ ಮಾಡಬೇಕು."

"ಅಂದ್ರ ತೋಪು ನಮ್ದು, ನಟ್ಟು ಅವರ್ದು?"

ಚಂಗಪ್ಪನವರು ನನ್ನ ಕಡೆ ತಿರುಗಿದರು. "ಗೆರೆ ನೋಡ್ತಾ ಇರು. ಗೆರೆ ಸರಿದ ದಿನ ನನಗೆ ಹೇಳು, ಇದನ್ನ ಸಾಲಿನಿಂದ ಹಿಂದಕ್ಕೆ ಎಳೆಸ್ತೇನೆ. ನನ್ನ ಕೈಯಲ್ಲಿ ಇರೋದು ಅಷ್ಟೇ" ಎಂದರು.

ಅಲ್ಲಿಗೆ ಎಲ್ಲರ ಜೀವ ಆ ಗೆರೆಯ ಮೇಲೆ ಬಂದು ನಿಂತಿತು.

ಆ ವರ್ಷ ಪಕ್ಕದ ದೇಶದವರು ನನಗಿಂತ ದೂರ ಹೊಡೆಯುವ ಹೊಸ ಫಿರಂಗಿ ಕೊಂಡರು. ಮಾರಿದವನು ಅದೇ ನಗುವಿನವನು. ಅದಕ್ಕೆ ಹೆದರಿ ನಮ್ಮನ್ನು ಗಡಿಯ ಗುಡ್ಡಗಳಿಗೆ ಏರಿಸಿದರು. ನಾವು ಏರಿದ್ದಕ್ಕೆ ಹೆದರಿ ಅವರೂ ಏರಿದರು. ಅವರು ಏರಿದ್ದನ್ನು ತೋರಿಸಿ ಇಲ್ಲಿಯವರು, ನೋಡಿ, ನಾವು ಹೇಳಲಿಲ್ಲವೇ ಎಂದರು. ಎರಡೂ ಕಡೆ ಕಂಬಳಿ ಸಾಲದೆ ಹುಡುಗರು ನಡುಗುತ್ತಿದ್ದರು. ದೆಹಲಿಯಲ್ಲೋ ಎಲ್ಲೋ ನಗುವಿನವನು ಚಹಾ ಕುಡಿಯುತ್ತಿದ್ದ.

ಗುಡ್ಡ ಏರುವ ದಾರಿ ಬರೀ ಕಲ್ಲು. ಆ ಕುಲುಕಾಟದಲ್ಲಿ ನನ್ನ ವಾಷರಿನ ಸವೆದ ಹಲ್ಲು ಮುರಿಯಿತು. ನಟ್ಟು ಸ್ವಲ್ಪ ತಿರುಗಿತು. ಹೆಚ್ಚಿಲ್ಲ, ಗೆರೆಯ ಅಗಲದಷ್ಟು. ನನಗೆ ಗೊತ್ತಾಯಿತು. ನನ್ನ ಮೈ ನನಗೆ ಗೊತ್ತಾಗದೆ ಇರುತ್ತದೆಯೆ? ಬೆಳಿಗ್ಗೆ ಫಕೀರಪ್ಪ ಬಂದು ನೋಡುತ್ತಾನೆ, ನನ್ನನ್ನು ಹಿಂದಕ್ಕೆ ಎಳೆಸುತ್ತಾನೆ, ದ್ಯಾಮಣ್ಣ ಉಳಿಯುತ್ತಾನೆ ಎಂದುಕೊಂಡು ಕಾದೆ.

ಮರುದಿನ ಆಯುಧಪೂಜೆ. ಎಲ್ಲಿದ್ದರೂ ನಮ್ಮವರು ಆ ದಿನ ಬಿಡುವುದಿಲ್ಲ. ಫಕೀರಪ್ಪನನ್ನು ಗೆರೆ ನೋಡುವ ಮೊದಲೇ, ನಸುಕಿನಲ್ಲೇ ಮದ್ದುಗುಂಡು ಇಳಿಸಿಕೊಳ್ಳಲು ಕೆಳಗೆ ಕಳಿಸಿದ್ದರು. ಹೋಗುವಾಗ ಅಳಿಯನಿಗೆ, "ಅವ್ವಗ ಮೈ ತೊಳದು ಬಣ್ಣಾ ಹಚ್ಚು. ನಾ ಬರೂದ್ರಾಗ ಮದಲಗಿತ್ತಿ ಹಾಂಗ ಕಾಣಬೇಕು" ಎಂದು ಹೇಳಿ ಹೋದ.

ದ್ಯಾಮಣ್ಣ ಹಾಡು ಗುನುಗುತ್ತ ನನ್ನ ಮೈ ಒರೆಸಿದ. ಮಣ್ಣು ತೆಗೆದ. ಗೀಚು ಬಿದ್ದಲ್ಲಿ ಹಸಿರು ಬಣ್ಣ ಹಚ್ಚಿದ. ಗೆರೆಯ ಹತ್ತಿರ ಬಂದಾಗ ಅವನ ಕೈ ನಿಂತಿತು. ಮುರಿದ ಗೆರೆಯನ್ನು ನೋಡಿದ. ನೋಡು, ಚೆನ್ನಾಗಿ ನೋಡು, ಓಡಿಹೋಗಿ ಹೇಳು ಎಂದು ನಾನು ಒಳಗೊಳಗೇ ಅರಚಿದೆ. ಅವನು ನಾಲಿಗೆಯಿಂದ ಚಕ್ ಎಂದ. ಮಾವ ದಿನಾ ಮುಟ್ಟುವ ಆ ಗೆರೆಯ ಅರ್ಥವೇನೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ದಾರಿಯ ಕಲ್ಲಿಗೆ ಬಣ್ಣ ಕಿತ್ತುಹೋಗಿದೆ ಎಂದುಕೊಂಡ. ಹಬ್ಬದ ದಿನ ಅವ್ವನ ಹಣೆಯ ಕುಂಕುಮ ಅಳಿಸಿದಂತೆ ಕಾಣಬಾರದಲ್ಲ. ಹಳೆಯ ಗೆರೆಯ ಮೇಲೆ ಹಸಿರು ಬಳಿದ. ಅದು ಒಣಗುವ ತನಕ ಕಾದ. ಆಮೇಲೆ ಉಸಿರು ಬಿಗಿಹಿಡಿದು, ನಟ್ಟಿನ ಮೇಲಿಂದ ನನ್ನ ಮೈಮೇಲಕ್ಕೆ ಹೊಸ ಕೆಂಪು ಗೆರೆ ಎಳೆದ. ನೆಟ್ಟಗೆ. ಕಾರ್ಖಾನೆಯ ಆ ಹೆಂಗಸು ಎಳೆದದ್ದಕ್ಕಿಂತ ನೆಟ್ಟಗೆ. ಪಕ್ಕದಲ್ಲಿ ಒಂದು ಚೆಂಡು ಹೂವು ಸಿಕ್ಕಿಸಿದ.

ದುರುಳತನದಿಂದ ಮಾಡಿದ್ದರೆ ನಾನು ಶಪಿಸುತ್ತಿದ್ದೆ. ಅವನು ಮಾಡಿದ್ದು ಪೂಜೆ. ಅದಕ್ಕೆ ಏನೆನ್ನಲಿ?

ಮಧ್ಯಾಹ್ನ ಫಕೀರಪ್ಪ ಬಂದು ಕಾಯಿ ಒಡೆದ. ಬಗ್ಗಿ ಗೆರೆಯ ಮೇಲೆ ಹೆಬ್ಬೆರಳು ಆಡಿಸಿ, "ನೆಟ್ಟಗ ಐತಿ" ಎಂದ. ಮೈತುಂಬ ಹೊಸ ಬಣ್ಣವಿದ್ದಾಗ ಗೆರೆಯೂ ಹೊಳೆದರೆ ಯಾರಿಗೆ ಅನುಮಾನ ಬರುತ್ತದೆ?

ಆ ವಾರವೇ ಎರಡು ಕಡೆಯ ಗಸ್ತಿನವರು ಒಂದು ನೀರಿನ ಝರಿಯ ಹತ್ತಿರ ಎದುರುಬದುರಾದರು. ಮೊದಲು ಬೈದಾಟ, ಆಮೇಲೆ ಗುಂಡು. ಫಿರಂಗಿ ಇಲ್ಲದ ಕಾಲದಲ್ಲಿ ನಾಲ್ಕು ತಲೆ ಒಡೆದು ಮುಗಿಯುತ್ತಿದ್ದ ಜಗಳ. ಈಗ ಎರಡೂ ಕಡೆ ಗುಡ್ಡದ ತುಂಬ ನಾವಿದ್ದೆವು. ಅಷ್ಟು ಕೊಟ್ಟು ತಂದಿಟ್ಟವರಿಗೆ ನಮ್ಮನ್ನು ಸುಮ್ಮನೆ ನಿಲ್ಲಿಸಿಕೊಳ್ಳಲು ಆಗಲಿಲ್ಲ.

ಬಿಸಿಲೇರುವ ಹೊತ್ತಿಗೆ ಆಚೆ ಕಡೆಯಿಂದ ಮೊದಲ ಗುಂಡು ಬಂತು. ಆ ದನಿ ಕೇಳಿ ನನ್ನ ಕಬ್ಬಿಣ ತಣ್ಣಗಾಯಿತು. ಅದು ನನ್ನದೇ ದನಿ. ತಮ್ಮ ಅಲ್ಲಿದ್ದ. ಅವನಿಗೂ ಯಾರೋ ಹಗ್ಗ ಎಳೆಯುತ್ತಿದ್ದರು.

ಚಂಗಪ್ಪನವರ ಆಜ್ಞೆ ಬಂತು. ಫಕೀರಪ್ಪ ಓಡಿಬಂದು, ಆ ಗಡಿಬಿಡಿಯಲ್ಲೂ ಬಗ್ಗಿ ಗೆರೆ ನೋಡಿ, "ಒಂದ ಕೂದಲಾ ಸರದಿಲ್ಲ, ಗಟ್ಟಿ ಅದಾಳ ನಮ್ಮವ್ವ" ಎಂದ. ದ್ಯಾಮಣ್ಣ ಗುಂಡು ತುಂಬಿದ. ಹಗ್ಗ ಎಳೆದರು. ನಾನು ಬಾಯಿ ಬಿಟ್ಟೆ. ನಟ್ಟು ತಿರುಗಿತು. ಮತ್ತೆ ತುಂಬಿದ. ಮತ್ತೆ ತಿರುಗಿತು. ಫಕೀರಪ್ಪನ ಕಣ್ಣು ಗುರಿಯ ಮೇಲೆ, ಕಿವಿ ಫೋನಿನ ಮೇಲೆ. ನನ್ನ ಬೆನ್ನ ಹಿಂದೆ ದ್ಯಾಮಣ್ಣ ಮೈಯೆಲ್ಲ ಬೆವರಾಗಿ ನಿಂತಿದ್ದ. ನಾನು ಹೇಗಾದರೂ ಕೆಟ್ಟು ನಿಲ್ಲಬೇಕೆಂದುಕೊಂಡೆ, ಮದ್ದು ಹೊತ್ತದಿರಲಿ ಎಂದುಕೊಂಡೆ. ನನ್ನನ್ನು ಬಹಳ ಚೆನ್ನಾಗಿ ಮಾಡಿದ್ದರು. ಹೊತ್ತುತ್ತಲೇ ಇತ್ತು.

ಮುಂದಿನ ಗುಂಡು ತುಂಬಿ, ಬಾಗಿಲು ಮುಚ್ಚಿ ಕೆಳಗೆ ನೋಡಿದ ದ್ಯಾಮಣ್ಣ, "ಮಾಂವಾ, ಹಬ್ಬದಾಗ ನಾ ಎಳದ ಗೆರಿ ಮತ್ತ ಮುರದೈತಿ ನೋಡ" ಎಂದ. ಅವನ ದನಿಯಲ್ಲಿ ಸ್ವಲ್ಪ ಬೇಸರವಿತ್ತು, ಅಷ್ಟು ಕಷ್ಟಪಟ್ಟು ಎಳೆದಿದ್ದೆ ಎಂದು.

ಫಕೀರಪ್ಪ ತಿರುಗಿದ. ಅವನ ಮುಖ ನಾನು ಮರೆಯಲಾರೆ. "ಆ ಕಡೆ ಸರೀ ದ್ಯಾಮಾ" ಎಂದ.

ಹಗ್ಗ ಎಳೆದಾಗಿತ್ತು.

ನಟ್ಟು ಹಾರಿತು. ತಡೆಯುವ ದಂಡ ಕಳಚಿತು. ನನ್ನ ಕೊಳವೆ ಹಿಂದಕ್ಕೆ ಹೋದದ್ದು ನಿಲ್ಲಲೇ ಇಲ್ಲ. ಎಷ್ಟೋ ಜನ ನನ್ನ ಮುಂದೆ ಸತ್ತಿದ್ದಾರೆ, ನಾನು ಅವರ ಮುಖ ನೋಡಿಲ್ಲ. ನನ್ನ ಹಿಂದೆ ಸತ್ತವನು ಇವನೊಬ್ಬ. ನನ್ನ ಮೈ ಒರೆಸಿದವನು. ಇದಕ್ಕಿಂತ ಹೆಚ್ಚು ಹೇಳುವುದಿಲ್ಲ.

ಗುಂಡಿನ ಸದ್ದು ಕೆಲವು ದಿನ ನಡೆದು ನಿಂತಿತು. ಗಡಿ ಇದ್ದಲ್ಲೇ ಇತ್ತು, ಝರಿ ಹರಿಯುತ್ತಲೇ ಇತ್ತು. ಗೆದ್ದೆವು ಎಂದು ಎರಡೂ ಕಡೆಯವರು ಸಿಹಿ ಹಂಚಿದರು. ನನ್ನ ತಮ್ಮನ ದನಿ ಎರಡನೆಯ ದಿನವೇ ನಿಂತುಹೋಗಿತ್ತು. ಅವನ ವಾಷರಿಗೂ ನನ್ನಷ್ಟೇ ವಯಸ್ಸು. ಅವನ ಬೆನ್ನ ಹಿಂದೆ ಯಾರಿದ್ದರೋ ನನಗೆ ಗೊತ್ತಿಲ್ಲ.

ಆಮೇಲೆ ದೇಶ ಹೊಸ ಫಿರಂಗಿಗಳಿಗೆ ಸಹಿ ಹಾಕಿತು. ನಗುವಿನವನು ತನ್ನ ಬಣ್ಣದ ಪುಸ್ತಕದಲ್ಲಿ ನಮ್ಮ ಬಗ್ಗೆ, ಇವು ಯುದ್ಧದಲ್ಲಿ ಪರೀಕ್ಷೆಗೊಂಡಂಥವು ಎಂದು ಅಚ್ಚು ಹಾಕಿಸಿದ. ಯಾವ ಕಡೆ ಪರೀಕ್ಷೆಗೊಂಡವು ಎಂದು ಬರೆಯಲಿಲ್ಲ. ಸಹಿಯಾದ ಸಂತೋಷಕ್ಕೆ ಒಂದು ಪೆಟ್ಟಿಗೆಯ ತುಂಬ ಹಳೆಯ ವಾಷರುಗಳನ್ನು ಹುಡುಕಿ ಕಳಿಸಿದ. ಚಂಗಪ್ಪನವರು ಪೆಟ್ಟಿಗೆ ತೆರೆದು ತೋರಿಸಿದಾಗ ಫಕೀರಪ್ಪ ಒಂದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ. "ಈಗ ಬಂದ್ವೇನ್ರಿ?" ಎಂದ. ತಿರುಗಿ ಪೆಟ್ಟಿಗೆಯಲ್ಲೇ ಹಾಕಿದ. ಬೈಯುವುದನ್ನು ಅವನು ಆವತ್ತಿನಿಂದ ಬಿಟ್ಟ.

ಈಗ ನಾನು ಗದಗಿನ ಕಡೆಯ ಒಂದು ಊರಿನ ಉದ್ಯಾನದಲ್ಲಿ ಸಿಮೆಂಟಿನ ಕಟ್ಟೆಯ ಮೇಲೆ ನಿಂತಿದ್ದೇನೆ. ಬಾಗಿದ್ದನ್ನೆಲ್ಲ ಬೆಸುಗೆ ಹಾಕಿ ನೆಟ್ಟಗೆ ಮಾಡಿದ್ದಾರೆ. ನಟ್ಟು ಇದ್ದ ಜಾಗ ಖಾಲಿ. ಮಕ್ಕಳು ನನ್ನ ಕೊಳವೆಗೆ ಜೋತುಬೀಳುತ್ತಾರೆ, ಐಸ್‌ಕ್ರೀಮಿನ ಕಡ್ಡಿ ತುರುಕುತ್ತಾರೆ. ತುರುಕಲಿ. ನನ್ನ ಬಾಯಿಗೆ ಬಿದ್ದ ಒಳ್ಳೆಯ ವಸ್ತು ಅದೊಂದೇ.

ಪ್ರತಿ ವರ್ಷ ಆಯುಧಪೂಜೆಗೆ ಪುರಸಭೆಯವರು ಬಣ್ಣ ಹೊಡೆಸುತ್ತಾರೆ. ಆ ದಿನ ಫಕೀರಪ್ಪ ಬಸ್ಸು ಹಿಡಿದು ಬರುತ್ತಾನೆ. ನಿವೃತ್ತನಾಗಿದ್ದಾನೆ, ಮೀಸೆ ಬೆಳ್ಳಗಾಗಿದೆ. ಬಣ್ಣದವನು ಕುಂಚ ಅದ್ದುವ ಮೊದಲು, ನನ್ನ ಮೈಮೇಲೆ ಉಳಿದಿರುವ ಅರ್ಧ ಗೆರೆಯ ಮೇಲೆ ಪೇಪರಿನ ತುಂಡು ಅಂಟಿಸುತ್ತಾನೆ. ಈ ಸಲದ ಪೇಪರಿನಲ್ಲೂ ಯಾವುದೋ ಎರಡು ದೇಶ, ಯಾವುದೋ ಒಪ್ಪಂದ, ಕೈಕುಲುಕುವ ಚಿತ್ರವಿತ್ತು. ಅವನು ಅದನ್ನು ಓದಲಿಲ್ಲ. ಗೋಂದು ಹಚ್ಚಿ ಅಂಟಿಸಿದ.

ಈ ಸಲ ಗಂಗವ್ವನೂ ಬಂದಿದ್ದಳು. ಇಷ್ಟು ವರ್ಷ ಬರಲು ಒಪ್ಪಿರಲಿಲ್ಲವಂತೆ. ಬಣ್ಣ ಒಣಗುವ ತನಕ ಕಲ್ಲುಬೆಂಚಿನ ಮೇಲೆ ಕೂತಿದ್ದಳು, ನನ್ನ ಕಡೆ ನೋಡಲಿಲ್ಲ. ಫಕೀರಪ್ಪ ಪೇಪರ್ ಕಿತ್ತ ಮೇಲೆ ಎದ್ದು ಬಂದಳು.

"ಇದ ಏನಪಾ ಅಂವ ಎಳದಿದ್ದು?"

"ಹೂಂ ಬೇ ಅಕ್ಕಾ."

ಅವಳು ತನ್ನ ಹೆಬ್ಬೆರಳನ್ನು ಆ ಅರ್ಧ ಗೆರೆಯ ಮೇಲೆ ಇಟ್ಟಳು. ಶುರುವಿನಿಂದ ಕೊನೆಯ ತನಕ ಮೆಲ್ಲಗೆ ಆಡಿಸಿದಳು. ಗೆರೆ ಮುಗಿದು ಖಾಲಿ ತೂತು ಬಂದಲ್ಲಿ ಬೆರಳು ನಿಂತಿತು. ಅವಳು ನನ್ನನ್ನು ಬೈಯಲಿ, ಕಲ್ಲು ಎತ್ತಿ ಹೊಡೆಯಲಿ ಎಂದು ಕಾಯುತ್ತಿದ್ದೆ.

"ನೆಟ್ಟಗ ಎಳದಾನ" ಎಂದಳು.