ಕತ್ತರಿ ಹಿಡಿದ ಅಕ್ಷರ

"ಹೊಟ್ಟೆ ಇನ್ನೂ ಸ್ವಲ್ಪ ತೆಳ್ಳಗೆ ಮಾಡಕ್ಕ."

"ಯಾರ ಹೊಟ್ಟೆ? ನಿಂದಾ, ಈ ಅಕ್ಷರದ್ದಾ?" ಡೆಲ್ಫೀನಾ ಕತ್ತರಿ ಮೇಲೆತ್ತಿ ಕೇಳಿದಳು.

ತಮ್ಮ ಒರೆಸ್ತೆ ನಗಲಿಲ್ಲ. ಚಳಿಗಾಲದಲ್ಲಿ ಲಕ್ವ ಹೊಡೆದಾಗಿನಿಂದ ಅವನ ಬಲಗೈ ಬೇರೆ ಯಾರದೋ ಸಾಮಾನಿನಂತೆ ಮಡಿಲಲ್ಲಿ ಬಿದ್ದಿರುತ್ತಿತ್ತು. ಟ್ಯೂರಿನ್ ನಗರದ ಅಚ್ಚುಮೊಳೆ ಕಾರ್ಖಾನೆಗೆ ವರ್ಷಗಟ್ಟಲೆ ಅಕ್ಷರ ಬರೆದುಕೊಟ್ಟ ಕೈ ಅದು. ಪುಸ್ತಕಗಳಿಗೆಂದು ಅವನು ರೂಪಿಸುತ್ತಿದ್ದ ಹೊಸ ಅಕ್ಷರಮಾಲೆ ಅರ್ಧಕ್ಕೇ ನಿಂತಿತ್ತು. ಬೇಸಿಗೆ ಕಳೆಯುವುದರೊಳಗೆ ಮುಗಿಯದಿದ್ದರೆ ಬೇರೊಬ್ಬರಿಗೆ ಒಪ್ಪಿಸುವುದಾಗಿ ಕಾರ್ಖಾನೆಯವರು ಮೆತ್ತಗೆ ಹೇಳಿಹೋಗಿದ್ದರು. ಎಡಗೈಯಲ್ಲಿ ಎಳೆದ ಸೊಟ್ಟ ಗೆರೆಗಳನ್ನೆಲ್ಲ ಅವನು ಒಲೆಗೆ ಹಾಕಿದ್ದ.

ಕೋಟು ಹೊಲಿದು ಬದುಕುವ ಅಕ್ಕ ಅದನ್ನು ಕಂಡವಳೇ ಕಪ್ಪು ಕಾಗದದ ಸುರುಳಿ ತಂದು ಮೇಜಿನ ಮೇಲೆ ಹರಡಿದ್ದಳು. "ನೀನು ಹೇಳು, ನಾನು ಕತ್ತರಿಸ್ತೀನಿ. ಮೂತಿ ಊದಿಸ್ಕೊಂಡು ಕೂತ್ರೆ ಅಕ್ಷರ ಹುಟ್ಟಲ್ಲ."

ಒಂದೊಂದಾಗಿ ಹುಟ್ಟಿದವು. 'ಎಸ್' ಮಾತ್ರ ಹಟ ಹಿಡಿಯಿತು. ಅಡುಗೆಮನೆಯಲ್ಲಿ ಜೋಳದ ಹಿಟ್ಟಿನ ಪೊಲೆಂಟಾ ತಣ್ಣಗಾಗುತ್ತಿತ್ತು. ನೆಲದ ತುಂಬ ಕಪ್ಪು ಚೂರುಗಳು.

"ಇದೂ ಒಂದು ಕಡೆಗೆ ವಾಲ್ತಾ ಇದೆ. ನಿಂಗೆ ಕಾಣಲ್ವಾ?"

"ಕಾಣುತ್ತಪ್ಪಾ! ನಿನ್ನ ಮುಖಾನೂ ವಾಲಿದೆ. ಅದನ್ನ ಸರಿಮಾಡೋ ಕತ್ತರಿ ನನ್ಹತ್ರ ಇಲ್ಲ."

ಆಡಿದ ಮಾತು ಕಿವಿಗೆ ಬಿದ್ದು ಡೆಲ್ಫೀನಾ ಬಾಯಿ ಮುಚ್ಚಿಕೊಂಡಳು. ಒರೆಸ್ತೆ ಅವಳನ್ನೇ ನೋಡಿದ. ಆಮೇಲೆ ಅವನ ಬಾಯಿಯ ಒಂದು ಬದಿ ಅರಳಿತು, ಭುಜ ಕುಲುಕಿತು. ಕಾಯಿಲೆ ಬಿದ್ದ ಮೇಲೆ ಅವನು ನಕ್ಕದ್ದು ಅದೇ ಮೊದಲು. ಅಕ್ಕ ಕಣ್ಣೊರೆಸಿಕೊಳ್ಳುತ್ತಲೇ ತಾನೂ ನಕ್ಕಳು.

"ಕತ್ತರಿ ಅಲ್ಲಾಡಿಸ್ಬೇಡ. ಹಾಗೇ ಹಿಡ್ಕೊ," ಎಂದು ಅವನು ಎಡಗೈ ಚಾಚಿ ಕಾಗದ ಹಿಡಿದ. ಅವಳ ಅಲಗು ಕಚ್ಚುತ್ತ ಹೋದಂತೆ ಅವನು ಕಾಗದವನ್ನು ನಿಧಾನವಾಗಿ ತಿರುಗಿಸಿದ. ಬಳುಕಿ, ನೆಟ್ಟಗೆ ನಿಲ್ಲುವ 'ಎಸ್' ಕೆಳಗೆ ಬಿತ್ತು.

ಬೇಸಿಗೆ ಮುಗಿಯುವ ಹೊತ್ತಿಗೆ ಕಾರ್ಖಾನೆಯ ಬೆರ್ತೊಲೀನೊ ಬಂದು ಅಕ್ಷರಗಳನ್ನು ಬೆಳಕಿಗೆ ಹಿಡಿದು ನೋಡಿದ. "ಈ ತಿರುವು ಪೆನ್ಸಿಲಿಂದಲ್ಲ ಬಿಡಿ, ಮೇಷ್ಟ್ರೇ."

"ಅಲ್ಲ. ನಮ್ಮಕ್ಕಂದು, ನಂದು."

ದ್ರಾಕ್ಷಿ ಕೊಯ್ಲಿನ ದಿನಗಳಲ್ಲಿ ಹೊಸ ಮೊಳೆಗಳಿಂದ ಅಚ್ಚಾದ ಮೊದಲ ಹಾಳೆ ಬಂತು. ಪರೀಕ್ಷೆಗೆಂದು ಯಾರೋ ಒಂದು ಕಥೆಯ ತುಣುಕು ಜೋಡಿಸಿದ್ದರು. ಡೆಲ್ಫೀನಾ ಕನ್ನಡಕ ಏರಿಸಿ ಕೂತಳು. ಒರೆಸ್ತೆ ಅವಳ ಮುಖವನ್ನೇ ನೋಡುತ್ತ ಕಾದ.

"ಹೇಗಿದೆಯಕ್ಕ, ಅಕ್ಷರ?"

"ಶ್, ಸುಮ್ನಿರೋ! ಕಥೇಲಿ ಆ ಹುಡುಗಿ ಇನ್ನೂ ರೈಲು ಹತ್ತಿಲ್ಲ."

ಅಕ್ಷರ ಮರೆತು ಅವಳು ಕಥೆಯೊಳಗೆ ಹೋಗಿಬಿಟ್ಟಿದ್ದಳು. ಅವನು ಮೆಲ್ಲನೆ ಎದ್ದು ಎಡಗೈಯಿಂದ ಕಿಟಕಿಯ ಪರದೆ ಸರಿಸಿದ. ಬಿಸಿಲು ಹಾಳೆಯ ಮೇಲೆ ಬಿತ್ತು. ಅವಳು ತಲೆ ಎತ್ತಲಿಲ್ಲ.