ಬೇಲಿಯಾಚೆ ಬಿದ್ದ ಕಾಯಿ

ನಿವೃತ್ತಿಯ ಅಂಚಿನಲ್ಲಿರುವ ಮೇಷ್ಟ್ರಿಗೆ ಹೊಸ ಕೋರ್ಸು ಶುರು ಮಾಡುವ ಕೆಲಸವನ್ನು ಯಾರೂ ಕೊಡಬಾರದು. ನನಗೆ ಕೊಟ್ಟರು. ಹಾಲ್ಕುರಿಕೆಗೆ ಹತ್ತಿರದ ನಮ್ಮ ಊರಿನ ಜೂನಿಯರ್ ಕಾಲೇಜಿಗೆ ನಾನು ಹೆಸರಿಗೆ ಪ್ರಿನ್ಸಿಪಾಲ, ಊರವರ ಬಾಯಲ್ಲಿ ಬರೀ ಮಲ್ಲಿಕಾರ್ಜುನಯ್ಯ ಮೇಷ್ಟ್ರು. ಕಾಲೇಜು ನಡೆಸುತ್ತಿದ್ದದ್ದು ಊರ ತೆಂಗಿನ ತೋಟದವರೇ ಸೇರಿ ಕಟ್ಟಿದ ವಿದ್ಯಾಸಂಘ. ಎಪ್ಪತ್ತೊಂಬತ್ತರ ಚಳಿಗಾಲದಲ್ಲಿ ಅವರಿಗೆ ಇದ್ದಕ್ಕಿದ್ದಂತೆ ಧರ್ಮ ನೆನಪಾಯಿತು. ಪಿಯುಸಿಗೆ ಧರ್ಮದರ್ಶನ ಮತ್ತು ನೀತಿಶಾಸ್ತ್ರ ಎಂಬ ಐಚ್ಛಿಕ ವಿಷಯ ತರಬೇಕು, ಬೇಸಿಗೆ ರಜೆಗೆ ಮುಂಚೆ ಪಠ್ಯದ ಕರಡು ಇಲಾಖೆಗೆ ಹೋಗಬೇಕು ಎಂದರು.

ಧರ್ಮ ಯಾಕೆ ನೆನಪಾಯಿತು ಅನ್ನುವುದು ಊರಿಗೆಲ್ಲ ಗೊತ್ತಿತ್ತು. ಸಂಘದಲ್ಲಿ ಮಾತು ನಡೆಯುತ್ತಿದ್ದದ್ದು ಇಬ್ಬರದು, ವೀರಭದ್ರಯ್ಯ ಮತ್ತು ನಂಜುಂಡಪ್ಪ. ವೀರಭದ್ರಯ್ಯನ ತಂಗಿಯನ್ನೇ ನಂಜುಂಡಪ್ಪ ಮದುವೆಯಾಗಿದ್ದರು. ಇಬ್ಬರ ತೋಟಕ್ಕೂ ನಡುವೆ ಒಂದೇ ಬೇಲಿ. ಆದರೆ ಇಬ್ಬರೂ ಮಾತು ಬಿಟ್ಟು ವರ್ಷಗಳಾಗಿದ್ದವು. "ಈ ಊರಲ್ಲಿ ಕೆಲವ್ರು ನೀತಿ ಕಲೀದೇನೆ ಯಜಮಾನ್ರಾಗವ್ರೆ. ಅವ್ರ ಮಕ್ಳಾದ್ರೂ ಕಲೀಲಿ" ಎಂದು ಗೋಡೆ ನೋಡಿಕೊಂಡು ಕೋರ್ಸಿನ ಮಾತು ತೆಗೆದವರು ವೀರಭದ್ರಯ್ಯ. "ಆಗ್ಲಿ ಮೇಷ್ಟ್ರೇ. ಯಾರ ಮಕ್ಳು ಮೊದ್ಲು ಸೇರ್ಬೇಕು ಅಂತ ಊರಿಗೇ ಗೊತ್ತೈತೆ" ಎಂದು ಕಿಟಕಿ ನೋಡಿಕೊಂಡು ಒಪ್ಪಿದವರು ನಂಜುಂಡಪ್ಪ. ಹೀಗೆ ನಮ್ಮ ಕಾಲೇಜಿಗೆ ನೀತಿಶಾಸ್ತ್ರ ಬಂತು.

ಇದನ್ನೆಲ್ಲ ನಂಬಿಕೊಂಡವಳು ಒಬ್ಬಳೇ, ಶಾಂತಕುಮಾರಿ. ತತ್ವಶಾಸ್ತ್ರದಲ್ಲಿ ಎಂ.ಎ. ಮಾಡಿ, ಸಿಕ್ಕಿದ್ದನ್ನೆಲ್ಲ ಪಾಠ ಮಾಡುತ್ತ ಊರೂರು ಅಲೆದು, ರಜೆ ಮೇಲಿದ್ದ ಭೂಗೋಳದ ಮೇಷ್ಟ್ರ ಜಾಗಕ್ಕೆ ನಮ್ಮಲ್ಲಿಗೆ ಬಂದಿದ್ದಳು. ಜೂನ್‌ನಲ್ಲಿ ಅವರು ವಾಪಸು ಬಂದರೆ ಇವಳ ಕೆಲಸ ಮುಗಿಯಿತು. ಕೋರ್ಸು ಬಂದರೆ ಮಾತ್ರ ಇವಳಿಗೆ ಕಾಯಂ ಕೆಲಸ. ಅವಳೂ ಅವಳ ತಾಯಿ ಶಿವರುದ್ರಮ್ಮನೂ ಹಾಲ್ಕುರಿಕೆಯಲ್ಲಿ ಒಂದು ಕೋಣೆ ಬಾಡಿಗೆ ಹಿಡಿದಿದ್ದರು. "ದಂಡಿನಶಿವರಕ್ಕೆ, ಅಣ್ಣನ ಮನೆಗೆ ತಿರುಗಿ ಹೋಗೋ ಹಾಗೆ ಆಗದಿದ್ರೆ ಸಾಕು ಸಾರ್. ಅಲ್ಲಿ ಅಮ್ಮ ಇನ್ನೊಂದು ಸಲ ಅನ್ನ ಬಡಿಸ್ಕೊಳ್ಳೋಕೂ ಅತ್ತಿಗೆ ಮುಖ ನೋಡ್ತಾಳೆ" ಎಂದು ಒಮ್ಮೆ ಹೇಳಿದ್ದಳು. ಮತ್ತೆ ಆ ಮಾತು ಎತ್ತಲಿಲ್ಲ. ನನಗೆ ಮರೆಯಲಿಲ್ಲ.

ಸಭೆಗಳೋ, ದೇವರೇ ಕಾಪಾಡಬೇಕು. ಪ್ರತಿ ಸಭೆಗೂ ಪುರಿ, ಕಾಫಿ, ತಲೆನೋವು. ಪರರ ಸ್ವತ್ತಿಗೆ ಆಸೆಪಡಬಾರದು ಎಂಬುದು ಮೊದಲ ಪಾಠವಾಗಬೇಕು ಎಂದು ನಂಜುಂಡಪ್ಪ. ಅಹಂಕಾರ ಬಿಡುವುದು ಮೊದಲು ಬರಲಿ ಎಂದು ವೀರಭದ್ರಯ್ಯ. ನೆರೆಯವರ ಜೊತೆ ಬಾಳುವುದಕ್ಕೆ ಒಂದು ಪೂರ್ತಿ ಅಧ್ಯಾಯ ಬೇಕು ಅನ್ನುವುದರಲ್ಲಿ ಮಾತ್ರ ಇಬ್ಬರದೂ ಒಮ್ಮತ. ಒಬ್ಬರಿಗೊಬ್ಬರು ಎಸೆಯಬೇಕಾದ ಕಲ್ಲನ್ನೆಲ್ಲ ನನ್ನ ಪಠ್ಯದೊಳಗೆ ತಂದು ಸುರಿಯುತ್ತಿದ್ದರು. ಮನೆಗೆ ಬಂದರೆ ನನಗೆ ಊಟವೂ ಬೇಡವಾಗುತ್ತಿತ್ತು. ಶಾಂತಕುಮಾರಿ ಮಾತ್ರ ಎಲ್ಲವನ್ನೂ ಗಂಭೀರವಾಗಿ ಬರೆದುಕೊಂಡು, ಮಾರನೆಯ ದಿನ ಅದಕ್ಕೊಂದು ರೂಪ ಕೊಟ್ಟು ತರುತ್ತಿದ್ದಳು. ಓದಿದರೆ ನನಗೇ ಆ ತರಗತಿಯಲ್ಲಿ ಕೂರಬೇಕು ಅನ್ನಿಸುವಂತಿರುತ್ತಿತ್ತು.

ಫೆಬ್ರವರಿಯ ಸಭೆಯಲ್ಲಿ ಮಾದರಿ ಪ್ರಶ್ನೆಗಳ ಸರದಿ. ಶಾಂತಕುಮಾರಿ ಎದ್ದು ನಿಂತು ಮೊದಲನೆಯದನ್ನು ಓದಿದಳು: "ಒಬ್ಬನ ತೋಟದ ತೆಂಗಿನಮರ ಬೇಲಿಯಾಚೆ ಬಾಗಿದೆ. ಅದರ ಕಾಯಿ ಪಕ್ಕದವನ ನೆಲದಲ್ಲಿ ಬಿದ್ದಿದೆ. ಆ ಕಾಯಿ ಯಾರದು? ಅದನ್ನು ಹಿಂತಿರುಗಿಸುವುದು ಧರ್ಮವೋ, ಕೇಳಿ ಪಡೆಯುವುದು ಧರ್ಮವೋ? ಚರ್ಚಿಸಿ."

ಪುರಿ ಅಗಿಯುವ ಸದ್ದೂ ನಿಂತಿತು. ವೀರಭದ್ರಯ್ಯ ಹೆಗಲ ಮೇಲಿನ ವಸ್ತ್ರ ಕೊಡವಿ ಎದ್ದು ಹೊರಟೇಬಿಟ್ಟರು. ನಂಜುಂಡಪ್ಪನಿಗೂ ಹೊರಡುವ ಆತುರವೇ. ಆದರೆ ಆ ಕೋಣೆಗೆ ಇದ್ದದ್ದು ಒಂದೇ ಬಾಗಿಲು. ಭಾವಮೈದುನ ರಸ್ತೆ ದಾಟುವ ತನಕ ಕಾದು, ಆಮೇಲೆ ಅವರೂ ಹೋದರು.

"ನಾನೇನು ತಪ್ಪು ಬರೆದೆ ಸಾರ್?" ಶಾಂತಕುಮಾರಿಯ ಮುಖ ಬಿಳಿಚಿಕೊಂಡಿತ್ತು.

ಹೇಳಿದೆ. ನಂಜುಂಡಪ್ಪನ ಒಂದು ಮರ ವೀರಭದ್ರಯ್ಯನ ತೋಟದ ಕಡೆ ಬಾಗಿದೆ. ಕಾಯಿ ಬಿದ್ದರೆ ಅಲ್ಲಿಗೇ ಬೀಳುವುದು. 'ಬಂದು ಕೇಳಲಿ, ಕೊಡ್ತೀನಿ' ಎಂದು ವೀರಭದ್ರಯ್ಯ. 'ನನ್ನ ಕಾಯಿನ ನಾನ್ಯಾಕೆ ಕೇಳ್ಲಿ, ಎಸೀಲಿ' ಎಂದು ನಂಜುಂಡಪ್ಪ. ಇಬ್ಬರೂ ಮುಟ್ಟುವುದಿಲ್ಲ. ಬಿದ್ದ ಕಾಯೆಲ್ಲ ಬೇಲಿಯ ಬುಡದಲ್ಲಿ ಮೊಳಕೆ ಒಡೆದು ನಿಂತಿವೆ.

ಅವಳು ಕುರ್ಚಿಯಲ್ಲಿ ಕುಸಿದಳು. "ನಮ್ಮೂರ ಕಡೆ ಅಂಥ ಕಾಯಿನ 'ಕಾಯಿ ಬಂತೂ' ಅಂತ ಕೂಗಿ ಈಚೆ ಎಸೀತಾರೆ ಸಾರ್. ಯಾರ ತಲೆ ಮೇಲೂ ಬೀಳದೇ ಇರ್ಲಿ ಅಂತ ಕೂಗೋದು. ಅಪ್ಪ ಇದ್ದಾಗ ದಿನಾ ಬೆಳಿಗ್ಗೆ ಕೇಳಿಸ್ತಿತ್ತು. ಅದು ನೆನಪಾಗಿ ಬರೆದೆ."

"ಇಲ್ಲೂ ಅದೇ ಪದ್ಧತಿ ಇತ್ತಮ್ಮ. ಇವರಿಬ್ಬರ ಬೇಲಿಯಲ್ಲಿ ನಿಂತುಹೋಯ್ತು ಅಷ್ಟೆ. ಆ ಪ್ರಶ್ನೆ ತೆಗೆದುಹಾಕೋಣ ಬಿಡು."

ಅವಳು ಪ್ರಶ್ನೆಯ ಹಾಳೆಯನ್ನು ನನ್ನ ಮುಂದೆ ಸರಿಸಿದಳು. "ತೆಗೀರಿ ಸಾರ್, ನನಗೆ ಕೆಲಸ ಬೇಕು. ಆದರೆ ಅದನ್ನ ತೆಗೆದ್ರೆ ಈ ಕೋರ್ಸಿನಲ್ಲಿ ಉಳಿಯೋದು ಬರೀ ಪ್ರಾರ್ಥನೆ."

ಅವಳು ಹೇಳಿದ್ದು ನಿಜ ಎಂದು ನನಗೂ ಗೊತ್ತಿತ್ತು. ಪೆನ್ನು ಕೈಗೆ ತೆಗೆದುಕೊಂಡೆ, ಹೊಡೆದುಹಾಕಲು ಮನಸ್ಸು ಬರಲಿಲ್ಲ. ಹಾಗೇ ಬಿಟ್ಟೆ.

ಆ ವಾರವೇ ಒಂದು ಬೆಳಿಗ್ಗೆ ಕಾಲೇಜಿಗೆ ಹೋಗುವಾಗ ತೋಟಗಳ ಕಡೆಯಿಂದ ಕೂಗು ಕೇಳಿಸಿತು. "ಕಾಯಿ ಬಂತೂ!" ಹಿಂದೆಯೇ ಧಪ್ಪೆಂದು ಸದ್ದು. ಬೇಲಿಯ ಹತ್ತಿರ ಹೋಗಿ ನೋಡಿದೆ. ವೀರಭದ್ರಯ್ಯ ಪಂಚೆ ಎತ್ತಿ ಕಟ್ಟಿ, ಮೊಳಕೆ ಬಂದವನ್ನು, ಹೊಸದಾಗಿ ಉದುರಿದವನ್ನು, ಎಲ್ಲ ಆರಿಸಿ ಆರಿಸಿ ಆಚೆ ಎಸೆಯುತ್ತಿದ್ದರು. ಆಚೆಯಿಂದ ನಂಜುಂಡಪ್ಪನ ದನಿ ಬಂತು: "ಮೆಲ್ಲಗೆ ಎಸೆಯೋ ವೀರಭದ್ರ, ಕಾಲ್ ಮೇಲ್ ಬಿದ್ದಾತು!"

ನನ್ನನ್ನು ಕಂಡು ವೀರಭದ್ರಯ್ಯ ನಾಚಿಕೊಂಡರು. "ಏನ್ ಮಾಡ್ಲಿ ಮೇಷ್ಟ್ರೇ. ಆವತ್ತಿಂದ ನಿದ್ದೆ ಹತ್ತಿಲ್ಲ. ಎಲ್ರ ಮುಂದೆ ಕೇಳ್ಬುಟ್ಲಲ್ಲ ಆ ಯಮ್ಮ."

ನಾನು ಆ ವಯಸ್ಸಿನಲ್ಲಿ ಓಡಿದೆ ಎಂದರೆ ನಂಬುವುದು ಕಷ್ಟ, ಓಡಿದೆ. ಸ್ಟಾಫ್ ರೂಮಿನಲ್ಲಿ ಶಾಂತಕುಮಾರಿಗೆ ಹೇಳಿದಾಗ ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳೋ ಅತ್ತಳೋ ತಿಳಿಯಲಿಲ್ಲ. ನನಗಂತೂ ಬಹಳ ವರ್ಷದ ಮೇಲೆ ಮೇಷ್ಟ್ರಾಗಿದ್ದಕ್ಕೆ ಸಂತೋಷವಾಯಿತು.

ಕೊನೆಯ ಸಭೆಗೆ ಇಬ್ಬರೂ ಒಟ್ಟಿಗೆ ಬಂದರು. ಒಂದೇ ಬೆಂಚಿನ ಮೇಲೆ ಕೂತು ಒಂದೇ ಚೀಲದಿಂದ ಎಲೆ ಅಡಿಕೆ ಹಾಕಿಕೊಂಡರು. ಸಹಿಗೆಂದು ನಾನು ಕರಡನ್ನು ಮುಂದಿಟ್ಟೆ. ವೀರಭದ್ರಯ್ಯ ಅದನ್ನು ಮೃದುವಾಗಿ ಪಕ್ಕಕ್ಕೆ ಸರಿಸಿದರು.

"ಇನ್ನು ಇದೆಲ್ಲ ಯಾಕೆ ಬುಡಿ ಮೇಷ್ಟ್ರೇ. ನಾವ್ ನಾವೇ ಸರಿ ಮಾಡ್ಕಂಡ್ವಲ್ಲ."

"ಕಾಮರ್ಸ್ ತರಾಣ. ನಮ್ ಹುಡುಗ್ರು ಕೊಬ್ಬರಿ ವ್ಯಾಪಾರಕ್ಕಾದ್ರೂ ಆದಾರು. ಭಾವಮೈದುನ ಇಬ್ರೂ ಮಾತಾಡ್ಕಂಡೇ ಬಂದಿದೀವಿ" ಎಂದರು ನಂಜುಂಡಪ್ಪ.

ನಾನು ವಾದ ಮಾಡಿದೆ. ಬೇಡಿಕೊಂಡೆ. ಆ ಹೆಣ್ಣುಮಗಳ ಗತಿ ಏನು ಎಂದು ಕೇಳಿದೆ. ಇಬ್ಬರಿಗೂ ನಿಜವಾಗಿ ಮರುಕವಾಯಿತು. "ಬಂಗಾರದಂಥ ಯಮ್ಮ. ಬರಿಗೈಲಿ ಕಳಿಸಾಕಿಲ್ಲ ಬುಡಿ" ಎಂದು ವೀರಭದ್ರಯ್ಯ ಭರವಸೆ ಕೊಟ್ಟರು. ಇಷ್ಟು ವರ್ಷ ಒಬ್ಬರ ಮಾತಿಗೊಬ್ಬರು ಒಪ್ಪದವರು ಅಂದು ಎಲ್ಲದರಲ್ಲೂ ಒಂದಾಗಿದ್ದರು. ನಮ್ಮ ಕೋರ್ಸು ನಿಂತಿದ್ದದ್ದೇ ಅವರ ಜಗಳದ ಮೇಲೆ ಎಂದು ನನಗೆ ಆಗ ಹೊಳೆಯಿತು. ಸಿಟ್ಟು ಬಂತು. ಸಿಟ್ಟು ಮಾಡುವಷ್ಟು ಶಕ್ತಿ ಇರಲಿಲ್ಲ.

ಪರೀಕ್ಷೆಗಳು ಮುಗಿದ ಮೇಲೆ ತಾಯಿ ಮಗಳನ್ನು ಕಿಬ್ಬನಹಳ್ಳಿಯ ತನಕ ಬಿಟ್ಟುಬರಲು ಹೋದೆ. ದಂಡಿನಶಿವರಕ್ಕೆ ಅಲ್ಲಿ ಬಸ್ಸು ಬದಲಾಯಿಸಬೇಕಿತ್ತು. ಹಾಸಿಗೆ ಸುರುಳಿ, ಪುಸ್ತಕದ ಟ್ರಂಕು, ಜೊತೆಗೆ ಒಂದು ಗೋಣಿಚೀಲ. ಚೀಲ ತುಂಬ ಆ ಬಾಗಿದ ಮರದ ಕಾಯಿ. ಭಾವಮೈದುನರು ಸೇರಿಯೇ ಚೀಲದ ಬಾಯಿ ಹೊಲಿಸಿ ಕಳಿಸಿದ್ದರು. ವರ್ಷ ಪೂರ್ತಿ ಅಟ್ಟದ ಮೇಲೆ ಹಾಕಿಡಿ, ಒಳ್ಳೆ ಉಂಡೆ ಕೊಬ್ಬರಿ ಆಗುತ್ತೆ ಎಂದು ಹೇಳಿಯೂ ಕಳಿಸಿದ್ದರು.

ಶಿವರುದ್ರಮ್ಮ ಟ್ರಂಕಿನ ಮೇಲೆ ಕೂತು, ಕಣ್ಣು ಮುಚ್ಚಿಕೊಂಡಿದ್ದರು. ಶಾಂತಕುಮಾರಿ ಚೀಲವನ್ನೇ ನೋಡುತ್ತಿದ್ದಳು.

"ನನಗೆ ಅಟ್ಟ ಎಲ್ಲಿದೆ ಸಾರ್. ಅಣ್ಣನ ಅಟ್ಟಕ್ಕೆ ಹಾಕಬೇಕು" ಎಂದಳು.

"ಹಾಕಮ್ಮ. ಅದಕ್ಕೇನಂತೆ."

"ಹಾಕ್ತೀನಿ. ಆಮೇಲೆ ಆ ಕಾಯಿ ಯಾರದು ಸಾರ್?"

ಅವಳ ದನಿಯಲ್ಲಿ ಕುಹಕವಿರಲಿಲ್ಲ. ನಿಜವಾಗಿಯೇ ಕೇಳುತ್ತಿದ್ದಳು. ಅಷ್ಟರಲ್ಲಿ ತುರುವೇಕೆರೆ ಬಸ್ಸು ಬಂತು. ಕ್ಲೀನರ್ ಚೀಲ ಎತ್ತಿ ಟಾಪಿಗೆ ಹಾಕಿದ. ಶಿವರುದ್ರಮ್ಮನಿಗೆ ಕೈಕೊಟ್ಟು ಹತ್ತಿಸಿ, ಶಾಂತಕುಮಾರಿ ಕಿಟಕಿಯಿಂದ ನನ್ನ ಕಡೆ ನೋಡಿದಳು. ಬಸ್ಸು ಹೊರಡುವ ತನಕ ನೋಡುತ್ತಲೇ ಇದ್ದಳು.